ಕಾಲು ಇಡದೆ ಯೂ-ಟರ್ನ್: ಹೊಸ ಬೈಕ್ ಸವಾರರಿಗೆ ಇಕ್ಕಟ್ಟಿನ ತಿರುವುಗಳ ಸಮಗ್ರ ಮಾರ್ಗದರ್ಶಿ

ಹೊಸದಾಗಿ ಬೈಕ್ ಕಲಿತವರಿಗೆ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ನಲವತ್ತರ ವೇಗದಲ್ಲಿ ನೆಟ್ಟಗೆ ಹೋಗುವುದು ಕಷ್ಟವಲ್ಲ. ಮಂಡಿಪೇಟೆಯ ಓಣಿಯಲ್ಲಿ ಎದುರಿಗೆ ಲಾರಿ ನಿಂತಾಗ ಬೈಕನ್ನು ವಾಪಸ್ ತಿರುಗಿಸಿಕೊಳ್ಳುವುದು ಕಷ್ಟ. ಚಿತ್ರದುರ್ಗದ ದೊಡ್ಡಪೇಟೆಯಲ್ಲಿ ನಡೆಯುವ ವೇಗದಲ್ಲಿ ಪಕ್ಕದ ಸಂದಿಗೆ ಹೊರಳುವುದು ಕಷ್ಟ. ಲೈಸೆನ್ಸ್ ಟೆಸ್ಟಿನಲ್ಲಿ ಇನ್‌ಸ್ಪೆಕ್ಟರ್ ನೋಡುತ್ತಾ ನಿಂತಿರುವಾಗ ಕಾಲು ಇಡದೆ ಎಂಟು ಹಾಕುವುದು ಇನ್ನೂ ಕಷ್ಟ.

ಈ ಮೂರೂ ಕಡೆ ಬೈಕ್ ಬೀಳುವುದಕ್ಕೆ ಮೂಲ ಕಾರಣ ಒಂದೇ. ತಿರುವಿನ ನಡುವೆ ಹಿಂದಿನ ಚಕ್ರಕ್ಕೆ ಇಂಜಿನ್ನಿನ ಎಳೆತ ತಪ್ಪಿಹೋಗುತ್ತದೆ. ಗಾಬರಿಯಲ್ಲಿ ಕೆಲವರು ಕ್ಲಚ್ ಪೂರ್ತಿ ಹಿಡಿಯುತ್ತಾರೆ, ಕೆಲವರು ಆಕ್ಸಿಲೇಟರ್ ಪೂರ್ತಿ ಬಿಡುತ್ತಾರೆ, ಕೆಲವರು ಮುಂದಿನ ಬ್ರೇಕ್ ಒತ್ತುತ್ತಾರೆ. ಮೂರರ ಫಲವೂ ಒಂದೇ: ಬೈಕು ಒಳಗಡೆಗೆ ಕುಸಿಯುತ್ತದೆ.

ಕಾರಣ ಅರ್ಥವಾದರೆ ಕೈ ಬೇಗ ಕಲಿಯುತ್ತದೆ. 25–30 ಕಿ.ಮೀ. ವೇಗದಲ್ಲಿ ಬೈಕು ತನ್ನ ಸಮತೋಲನವನ್ನು ಬಹುಪಾಲು ತಾನೇ ನೋಡಿಕೊಳ್ಳುತ್ತದೆ. 10ಕ್ಕಿಂತ ಕೆಳಗೆ ಇಳಿದರೆ ಆ ಸಹಾಯ ಹೆಚ್ಚುಕಡಿಮೆ ಇಲ್ಲ. ಆ ವೇಗದಲ್ಲಿ ಬಲಕ್ಕೆ ವಾಲಿದ ಬೈಕನ್ನು ಮತ್ತೆ ಎತ್ತಲು ಇರುವುದು ಎರಡೇ ದಾರಿ: ಹ್ಯಾಂಡಲನ್ನು ಬಲಕ್ಕೆ ಇನ್ನಷ್ಟು ತಿರುಗಿಸುವುದು, ಇಲ್ಲವೇ ವೇಗವನ್ನು ತುಸು ಹೆಚ್ಚಿಸುವುದು. ಬಿಗಿಯಾದ ಯೂ-ಟರ್ನಿನಲ್ಲಿ ಹ್ಯಾಂಡಲ್ ಆಗಲೇ ಕೊನೆ ಮುಟ್ಟಿರುತ್ತದೆ, ಅದನ್ನು ಇನ್ನು ತಿರುಗಿಸಲು ಬರುವುದಿಲ್ಲ. ಉಳಿಯುವುದು ಎಳೆತ ಮಾತ್ರ. ಅದನ್ನೂ ನಾವೇ ಕಡಿದುಹಾಕಿದರೆ ಬೈಕನ್ನು ಹಿಡಿದು ನಿಲ್ಲಿಸುವಂಥದ್ದು ಏನೂ ಉಳಿಯುವುದಿಲ್ಲ. ಹಾಗಾಗಿ ಇದು ತೋಳ್ಬಲದ ವಿಷಯವೇ ಅಲ್ಲ. 112 ಕೆ.ಜಿ.ಯ ಸ್ಪ್ಲೆಂಡರ್ ಆಗಲಿ, 195 ಕೆ.ಜಿ.ಯ ಕ್ಲಾಸಿಕ್ 350 ಆಗಲಿ, ಸರಿಯಾಗಿ ತಿರುಗಿಸಿದರೆ ತೋಳಿಗೆ ಭಾರ ಬೀಳುವುದೇ ಇಲ್ಲ.

ಮೊದಲು ಬೈಕನ್ನು ಸರಿಮಾಡಿಕೊಳ್ಳಿ

ಕ್ಲಚ್ ಕೇಬಲ್ ಬಿಗಿ ಹಿಡಿದಿರುವ ಬೈಕಿನಲ್ಲಿ ನಿಧಾನದ ತಿರುವು ಕಲಿಯಲು ಹೊರಟರೆ ತಪ್ಪು ನಿಮ್ಮದೋ ಬೈಕಿನದೋ ಎಂದೇ ತಿಳಿಯುವುದಿಲ್ಲ. ಹತ್ತು ನಿಮಿಷದ ಕೆಲಸ, ಮಾಡಿಕೊಳ್ಳಿ.

ಕ್ಲಚ್ ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಸಡಿಲ ಇರಬೇಕು. ಅಂದರೆ ಬೆರಳಿನಿಂದ ಅಷ್ಟು ಎಳೆಯುವವರೆಗೆ ಕೇಬಲ್ಲಿಗೆ ಎಳೆತ ಸಿಗಬಾರದು. ಸಡಿಲ ಕಡಿಮೆಯಾದರೆ ಕ್ಲಚ್ ಲಿವರಿನ ತೀರಾ ತುದಿಯಲ್ಲಿ ಹಿಡಿಯುತ್ತದೆ, ಪ್ಲೇಟೂ ಸವೆಯುತ್ತದೆ. ಹೆಚ್ಚಾದರೆ ಲಿವರ್ ಪೂರ್ತಿ ಹಿಡಿದರೂ ಬೈಕು ಮುಂದಕ್ಕೆ ತೆವಳುತ್ತದೆ. ಲಿವರ್ ಬುಡದ ತಿರುಪಿನಲ್ಲಿ ಸ್ವಲ್ಪ ಸರಿಮಾಡಬಹುದು, ಹೆಚ್ಚಿನದಕ್ಕೆ ಇಂಜಿನ್ ಕಡೆಯ ನಟ್ ಹಿಡಿಯಬೇಕು. ಲಿವರ್ ಬಿಟ್ಟಾಗ ಜರ್‍ರನೆ ವಾಪಸ್ ಬರದೆ ತಡವರಿಸಿದರೆ ಕೇಬಲ್ಲಿಗೆ ಎಣ್ಣೆ ಬಿಡಿ. ಅದರಿಂದಲೂ ಸರಿಹೋಗದಿದ್ದರೆ ಕೇಬಲ್ ಬದಲಿಸಿ.

ಆಕ್ಸಿಲೇಟರಿಗೂ ತಿರುಗಿಸುವ ದಿಕ್ಕಿನಲ್ಲಿ 2ರಿಂದ 6 ಮಿ.ಮೀ. ಸಡಿಲ ಬೇಕು. ಇದನ್ನು ಪರೀಕ್ಷಿಸುವ ಒಂದು ಒಳ್ಳೆಯ ಉಪಾಯವಿದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಚಾಲೂ ಮಾಡಿ, ಹ್ಯಾಂಡಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ. ಆಗ ಇಂಜಿನ್ ಸದ್ದು ಏರಿದರೆ ಕೇಬಲ್ ಎಲ್ಲೋ ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ಯೂ-ಟರ್ನ್ ನಡುವೆ ಬೈಕು ತಾನಾಗಿ ಮುನ್ನುಗ್ಗುವುದಕ್ಕೆ ಇದು ಸಾಕು. ಹೀಗಿದ್ದರೆ ಮೆಕ್ಯಾನಿಕ್ ನೋಡುವ ತನಕ ಅಭ್ಯಾಸ ಬೇಡ.

ಟೈರಿನ ಗಾಳಿ: 100–125 ಸಿಸಿ ಬೈಕುಗಳಿಗೆ ಒಬ್ಬರೇ ಕೂತಾಗ ಸಾಮಾನ್ಯವಾಗಿ ಮುಂದೆ 25, ಹಿಂದೆ 28 ಪಿಎಸ್ಐ ಆಸುಪಾಸು. ನಿಮ್ಮ ಬೈಕಿನ ನಿಖರ ಅಳತೆ ಬೈಕಿನ ಮೇಲಿನ ಸ್ಟಿಕ್ಕರಿನಲ್ಲಿ ಅಥವಾ ಪುಸ್ತಕದಲ್ಲಿ ಇರುತ್ತದೆ. ಪಂಚರ್ ಅಂಗಡಿಯಲ್ಲಿ ಅಂದಾಜಿಗೆ ಗಾಳಿ ಹಿಡಿಸಿಕೊಂಡು ಬರಬೇಡಿ, ಮೀಟರ್ ನೋಡಿ ಹಾಕಿಸಿ. ಮುಂದಿನ ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಹ್ಯಾಂಡಲ್ ಭಾರವಾಗುತ್ತದೆ, ತಿರುವಿನಲ್ಲಿ ಬೈಕು ತಾನಾಗಿ ಒಳಕ್ಕೆ ಬೀಳುತ್ತಿರುವಂತೆ ಅನಿಸುತ್ತದೆ. ಬಹಳ ಜನ ಇದನ್ನು ತಮ್ಮ ಭಯ ಎಂದುಕೊಳ್ಳುತ್ತಾರೆ.

ಚೈನಿನ ಸಡಿಲ 20–30 ಮಿ.ಮೀ. ಒಳಗಿರಲಿ. ಜೋತುಬಿದ್ದ ಚೈನು ನಿಧಾನ ವೇಗದಲ್ಲಿ ಪ್ರತಿ ಸಲ ಜರ್ಕ್ ಹೊಡೆಯುತ್ತದೆ. ಕಾರ್ಬುರೇಟರ್ ಬೈಕಾದರೆ ಐಡ್ಲಿಂಗ್ ತೀರಾ ಕೆಳಗಿಲ್ಲವೇ ನೋಡಿ. 1,400 ಆರ್‌ಪಿಎಂ ಸುತ್ತಮುತ್ತ ಸರಿ. 2020ರ ಏಪ್ರಿಲ್‌ನಿಂದ ಬಂದಿರುವ ಬಿಎಸ್-6 ಬೈಕುಗಳಲ್ಲಿ ಹೆಚ್ಚಿನವು ಫ್ಯುಯೆಲ್ ಇಂಜೆಕ್ಷನ್ ಇರುವಂಥವು. ಅವುಗಳಲ್ಲಿ ಐಡ್ಲಿಂಗ್ ತಿರುಪು ತಿರುಗಿಸುವ ಕೆಲಸವಿಲ್ಲ. ಇಂಜಿನ್ ಆಯಿಲ್ ಬಗ್ಗೆ ಒಂದು ಮಾತು: ನಮ್ಮ ಬಹುತೇಕ ಬೈಕುಗಳ ಕ್ಲಚ್ ಪ್ಲೇಟುಗಳು ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ. ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ-2 ಎಂದು ಇರುವ ಬೈಕ್ ಆಯಿಲನ್ನೇ ಹಾಕಿ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುವ ಸಂಭವವಿದೆ.

ಎಲ್ಲಿ, ಯಾವಾಗ, ಏನು ತೊಟ್ಟು

12 ಮೀಟರ್ ಅಗಲ, 25 ಮೀಟರ್ ಉದ್ದದ ಗಟ್ಟಿ ನೆಲ ಸಾಕು. ಮಣ್ಣಿನ ಮೈದಾನ ಬೇಡ. ಬಿದ್ದರೆ ಮೆತ್ತಗಿರುತ್ತದೆ ಎಂದು ಹಲವರು ಅಲ್ಲಿಗೇ ಹೋಗುತ್ತಾರೆ, ಆದರೆ ಸಡಿಲ ಮಣ್ಣು, ಜಲ್ಲಿಯ ಮೇಲೆ ಮುಂದಿನ ಚಕ್ರ ಜಾರುವುದರಿಂದಲೇ ಬೀಳುವುದು. ಚಿತ್ರದುರ್ಗದ ಕಡೆ ನೆಲದ ಮೇಲೆಲ್ಲ ಸಣ್ಣ ಗರಸು ಇರುತ್ತದೆ, ಅಲ್ಲಿ ಇನ್ನೂ ಎಚ್ಚರ. ಭಾನುವಾರ ಬೆಳಿಗ್ಗೆ ಖಾಲಿಯಿರುವ ಕಾಂಕ್ರೀಟ್ ಅಂಗಳ ಅಥವಾ ಇನ್ನೂ ಮನೆ ಏಳದ ಬಡಾವಣೆಯ ಡಾಂಬರು ರಸ್ತೆ ಒಳ್ಳೆಯದು. ಅನುಮತಿ ಕೇಳಿಯೇ ಒಳಗೆ ಹೋಗಿ. ಆರೂವರೆಯಿಂದ ಎಂಟರೊಳಗೆ ಮುಗಿಸಿ. ಏಪ್ರಿಲ್–ಮೇ ಬಿಸಿಲಿನಲ್ಲಿ ಒಂದನೇ ಗೇರಿನಲ್ಲೇ ಸುತ್ತುತ್ತಿದ್ದರೆ ಗಾಳಿಯಿಂದ ತಣಿಯುವ ಇಂಜಿನ್ ವಿಪರೀತ ಕಾಯುತ್ತದೆ, ಸವಾರನ ತಲೆಯೂ ಕೆಲಸ ಮಾಡುವುದಿಲ್ಲ. ಇಪ್ಪತ್ತು ನಿಮಿಷ ಅಭ್ಯಾಸ, ಹತ್ತು ನಿಮಿಷ ಇಂಜಿನ್ ಬಂದ್. ಈ ಲೆಕ್ಕ ತಪ್ಪಿಸಬೇಡಿ.

ಗುರುತಿಗೆ ನೀರಿನ ಬಾಟಲಿಗಳ ತಳಭಾಗ ಕತ್ತರಿಸಿ ಒಂದು ಹಿಡಿ ಮರಳು ತುಂಬಿ ಇಡಿ. ಇಲ್ಲವೇ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಿರಿ. ಇಟ್ಟಿಗೆ, ಕಲ್ಲು ಇಡಲೇಬೇಡಿ, ಚಕ್ರ ಹತ್ತಿದರೆ ಅದೇ ಬೀಳಿಸುತ್ತದೆ. ಅಳೆಯಲು ಟೇಪ್ ಇಲ್ಲದಿದ್ದರೆ 3 ಮೀಟರಿನ ಹಗ್ಗ ಒಯ್ಯಿರಿ. ಒಬ್ಬರು ನಡುವೆ ಹಿಡಿದು ನಿಂತು ಇನ್ನೊಬ್ಬರು ಸುತ್ತ ಸುಣ್ಣ ಹಾಕಿದರೆ 6 ಮೀಟರ್ ವ್ಯಾಸದ ಚಕ್ರ ಸಿದ್ಧ.

ಐಎಸ್‌ಐ ಗುರುತಿನ ಹೆಲ್ಮೆಟ್ ಪಟ್ಟಿ ಬಿಗಿದು ಹಾಕಿ, ಪಾದಗಂಟು ಮುಚ್ಚುವ ಶೂ, ಜೀನ್ಸ್, ಕೈಗವಸು ಇರಲಿ. ಚಪ್ಪಲಿಯಲ್ಲಿ ಈ ಅಭ್ಯಾಸ ಆಗುವುದಿಲ್ಲ. ಹಿಂಬ್ರೇಕನ್ನು ಹದವಾಗಿ ಒತ್ತಿ ಹಿಡಿಯಲು ಪಾದಕ್ಕೆ ಗಟ್ಟಿ ಅಟ್ಟೆ ಬೇಕು. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಇಲ್ಲದೆ ರಸ್ತೆಗಿಳಿಯಬೇಡಿ. ಗೇರ್ ಇರುವ ಬೈಕಿಗೆ 18 ತುಂಬಿರಬೇಕು. ಎಲ್‌ಎಲ್ ಆರು ತಿಂಗಳು ನಡೆಯುತ್ತದೆ, ಸಿಕ್ಕ 30 ದಿನಗಳ ನಂತರವಷ್ಟೇ ಡಿಎಲ್ ಟೆಸ್ಟ್. ಆ ಒಂದು ತಿಂಗಳು ಕೆಳಗಿನ ಅಭ್ಯಾಸಕ್ಕೆ ಸರಿಯಾಗಿ ಸಾಲುತ್ತದೆ.

ಹಾಫ್ ಕ್ಲಚ್: ಎಲ್ಲದರ ಬುಡ

ಮಿಕ್ಕಿದ್ದೆಲ್ಲ ಒಂದು ತೂಕವಾದರೆ ಇದೊಂದೇ ಒಂದು ತೂಕ. ಅವಸರ ಮಾಡದೆ ಓದಿ.

ಬೈಕಿನ ಮೇಲೆ ಕೂತು ಎರಡೂ ಕಾಲು ನೆಲದಲ್ಲಿಡಿ. ಕ್ಲಚ್ ಪೂರ್ತಿ ಹಿಡಿದು ಒಂದನೇ ಗೇರ್ ಹಾಕಿ. ರೇಸ್ ಕೊಡಬೇಡಿ. ಈಗ ಲಿವರನ್ನು ಮೆಲ್ಲಗೆ, ಉಸಿರು ಬಿಡುವಷ್ಟು ನಿಧಾನಕ್ಕೆ ಸಡಿಲಿಸುತ್ತಾ ಬನ್ನಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಇಂಜಿನ್ ಸದ್ದು ತುಸು ತಗ್ಗುತ್ತದೆ. ಮೊಣಕಾಲು ಟ್ಯಾಂಕಿಗೆ ತಾಗಿದ ಕಡೆ ನಡುಕ ಬದಲಾಗುತ್ತದೆ. ಕವರಿನೊಳಗೆ ಚೈನು ಬಿಗಿಯಾದ ಸಣ್ಣ ಸದ್ದು ಬರುತ್ತದೆ. ನೊಗಕ್ಕೆ ಕಟ್ಟಿದ ಎತ್ತು ಹಗ್ಗ ಜಗ್ಗಿದ ಹಾಗೆ ಬೈಕು ಮುಂದಕ್ಕೆ ಒಂದಿಷ್ಟು ಜಗ್ಗುತ್ತದೆ. ಅಲ್ಲೇ ಬೆರಳು ನಿಲ್ಲಿಸಿ. ಅಲ್ಲಿಂದ ಆಚೆಗೆ ಲಿವರ್ ತುದಿಯಲ್ಲಿ ಒಂದೆರಡು ಸೆಂಟಿಮೀಟರ್ ಜಾಗವಿದೆ. ನಿಧಾನದ ತಿರುವಿನ ಅಷ್ಟೂ ಕೆಲಸ ನಡೆಯುವುದು ಆ ಸಣ್ಣ ಜಾಗದಲ್ಲಿ. ಬೆರಳು ಒಳಕ್ಕೆ ಬಂದರೆ ಎಳೆತ ಕಡಿಮೆ, ಹೊರಕ್ಕೆ ಹೋದರೆ ಎಳೆತ ಹೆಚ್ಚು.

ಬೈಕು ಜಗ್ಗಿದ ಕೂಡಲೇ ಮತ್ತೆ ಹಿಡಿಯಿರಿ, ಮತ್ತೆ ಬಿಡಿ. ಕಾಲು ನೆಲದಲ್ಲೇ ಇರಲಿ, ಬೈಕು ಅರ್ಧ ಅಡಿ ಮುಂದೆ, ನೀವು ಕಾಲಿನಿಂದ ತಳ್ಳಿ ಅರ್ಧ ಅಡಿ ಹಿಂದೆ. ಹೀಗೆ ಮೂವತ್ತು ಸಲ. ಕೊನೆಯ ಹತ್ತು ಸಲ ಕ್ಲಚ್ ಕಡೆ ನೋಡದೆ, ದೂರದ ಒಂದು ಕಂಬವನ್ನು ನೋಡುತ್ತಾ ಮಾಡಿ. ಬೆರಳಿಗೆ ಆ ಜಾಗ ಕತ್ತಲಲ್ಲೂ ಸಿಗುವಂತಾಗಬೇಕು. ಎರಡು ಬೆರಳು ಲಿವರಿನ ಮೇಲೆ, ಎರಡು ಹಿಡಿಯಲ್ಲಿ ಇರುವುದು ಅನುಕೂಲ. ಆದರೆ ಭಾರೀ ಕ್ಲಚ್ಚಿನ ಬೈಕಾದರೆ ನಾಲ್ಕು ಬೆರಳೂ ಬಳಸಿ, ತಪ್ಪೇನಿಲ್ಲ.

ಹಾಫ್ ಕ್ಲಚ್ಚಿನಲ್ಲಿ ಓಡಿಸಿದರೆ ಪ್ಲೇಟ್ ಸುಟ್ಟುಹೋಗುತ್ತದೆ ಎಂದು ಬೈಯುವವರು ಮನೆಯಲ್ಲೂ ಇರುತ್ತಾರೆ, ಗ್ಯಾರೇಜಿನಲ್ಲೂ ಇರುತ್ತಾರೆ. ಹೆದ್ದಾರಿಯಲ್ಲಿ ಲಿವರಿನ ಮೇಲೆ ಕೈ ಊರಿಕೊಂಡೇ ಹೋಗುವವರಿಗೆ ಆ ಮಾತು ಸರಿ. ಕಡಿಮೆ ರೇಸಿನಲ್ಲಿ ಕೆಲವೇ ಸೆಕೆಂಡಿನ ತಿರುವಿಗೆ ಆಯಿಲಿನಲ್ಲಿ ಮುಳುಗಿದ ಕ್ಲಚ್ ಧಾರಾಳವಾಗಿ ತಡೆಯುತ್ತದೆ. ಸುಟ್ಟ ವಾಸನೆ ಬಂದರೆ, ಅಥವಾ ರೇಸ್ ಏರಿದರೂ ಬೈಕು ಏರದಿದ್ದರೆ ಅಂದಿಗೆ ನಿಲ್ಲಿಸಿ.

ಹಿಂಬ್ರೇಕ್, ಕಣ್ಣು, ಮೈ

ಕ್ಲಚ್ ಎಳೆತ ಕೊಡುತ್ತದೆ, ಹಿಂಬ್ರೇಕ್ ಅದಕ್ಕೆ ಮೂಗುದಾರ. ಎರಡೂ ಒಟ್ಟಿಗೆ ಇರಬೇಕು. ಆಕ್ಸಿಲೇಟರನ್ನು ಐಡ್ಲಿಂಗಿಗಿಂತ ಸ್ವಲ್ಪ ಮೇಲೆ, ಒಂದೇ ಕಡೆ ಸ್ಥಿರವಾಗಿ ಹಿಡಿಯಿರಿ, ಅದನ್ನು ಆಡಿಸಬೇಡಿ. ವೇಗ ಹೆಚ್ಚಾಯಿತು ಅನಿಸಿದರೆ ಬಲಗಾಲಿನಿಂದ ಹಿಂಬ್ರೇಕನ್ನು ಮೊಟ್ಟೆ ಒಡೆಯದಷ್ಟು ಮೆಲ್ಲಗೆ ಒತ್ತಿ. ಬ್ರೇಕ್ ಹೀಗೆ ಸದಾ ತುಸು ತಾಗಿಕೊಂಡಿದ್ದರೆ ಚೈನು ಸದಾ ಬಿಗಿಯಾಗಿರುತ್ತದೆ, ಜರ್ಕ್ ಹೊಡೆಯುವುದು ನಿಲ್ಲುತ್ತದೆ. ಇಂಜೆಕ್ಷನ್ ಬೈಕುಗಳಲ್ಲಿ ಆಕ್ಸಿಲೇಟರ್ ಮುಚ್ಚಿ ತೆರೆದಾಗ ಬರುವ ಆ ಕಿತ್ತುಹೋಗುವಂಥ ಎಳೆತಕ್ಕೂ ಇದೇ ಮದ್ದು.

ಮುಂದಿನ ಬ್ರೇಕಿನ ಲಿವರಿನಿಂದ ಬೆರಳುಗಳನ್ನು ಪೂರ್ತಿ ತೆಗೆದು ಹಿಡಿಯ ಸುತ್ತ ಇಡಿ. ಇದನ್ನು ನಿಯಮ ಮಾಡಿಕೊಳ್ಳಿ. ನೆಟ್ಟಗಿನ ರಸ್ತೆಯಲ್ಲಿ ಮುಂಬ್ರೇಕ್ ನಿಮ್ಮ ಪ್ರಾಣ ಕಾಯುತ್ತದೆ, ಆದರೆ ಹ್ಯಾಂಡಲ್ ತಿರುಗಿರುವಾಗ ಅದನ್ನು ಒತ್ತಿದರೆ ಬೈಕಿನ ತೂಕವೆಲ್ಲ ತಿರುಗಿದ ಚಕ್ರದ ಮೇಲೆ ಬಂದು ಒಳಕ್ಕೆ ಮಡಚುತ್ತದೆ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದ್ದರೂ ಇಲ್ಲಿ ಉಳಿಸುವುದಿಲ್ಲ. ಇಲ್ಲಿ ಬೀಳುವುದು ಚಕ್ರ ಲಾಕ್ ಆಗಿ ಅಲ್ಲ, ವಾಲಿದ ಬೈಕು ನಿಂತುಹೋಗಿ. 125 ಸಿಸಿವರೆಗಿನ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಸಿಬಿಎಸ್ (ಎರಡೂ ಬ್ರೇಕ್ ಜೋಡಿಸಿದ ವ್ಯವಸ್ಥೆ) ಅಥವಾ ಎಬಿಎಸ್ ಕಡ್ಡಾಯವಾಯಿತು. ಸಿಬಿಎಸ್ ಇರುವ ಬೈಕಿನಲ್ಲಿ ಹಿಂಬ್ರೇಕ್ ಪೆಡಲನ್ನು ಜೋರಾಗಿ ಒತ್ತಿದರೆ ಮುಂದಿನ ಬ್ರೇಕೂ ಹಿಡಿಯುತ್ತದೆ. ಆದ್ದರಿಂದ ಪೆಡಲ್ ಎಷ್ಟು ಒತ್ತಿದರೆ ಮುಂದೆ ಹಿಡಿಯುತ್ತದೆ ಎಂಬುದನ್ನು ನೆಟ್ಟಗೆ ಹೋಗುತ್ತಲೇ ತಿಳಿದುಕೊಂಡು, ಅದಕ್ಕಿಂತ ಕಡಿಮೆ ಒತ್ತುವುದನ್ನು ರೂಢಿಸಿಕೊಳ್ಳಿ.

ಕಣ್ಣಿನ ವಿಷಯಕ್ಕೆ ಬನ್ನಿ. ಬೈಕು ನೀವು ನೋಡಿದ ಕಡೆಗೇ ಹೋಗುತ್ತದೆ. ಮುಂದಿನ ಚಕ್ರವನ್ನು ನೋಡಿದರೆ ಮುಂದಿನ ಚಕ್ರದ ಬುಡಕ್ಕೇ ಬೀಳುತ್ತೀರಿ. ಚರಂಡಿ ನೋಡಿದರೆ ಚರಂಡಿಗೆ. ಬಲಕ್ಕೆ ಯೂ-ಟರ್ನ್ ಹೊಡೆಯುವಾಗ ಗದ್ದ ಬಲ ಭುಜದ ಮೇಲೆ ಬರುವಷ್ಟು ಕುತ್ತಿಗೆ ತಿರುಗಿಸಿ, ನೀವು ಬಂದ ದಾರಿಯ ಆಚೆಬದಿಯನ್ನು ನೋಡಬೇಕು. ಕಣ್ಣುಗುಡ್ಡೆ ತಿರುಗಿಸಿದರೆ ಸಾಲದು, ಹೆಲ್ಮೆಟ್ಟೇ ತಿರುಗಬೇಕು. ಕಲಿಸುವವರು ಪಕ್ಕದಲ್ಲಿದ್ದರೆ ಅವರು ಹೇಳಬೇಕಾದ ಮಾತು ಒಂದೇ: ‘ಕೆಳಗ ನೋಡಬ್ಯಾಡ್ರಿ, ಆಕಡೆ ನೋಡ್ರಿ.’ ಜೋರಾಗಿ, ಪ್ರತಿ ಸುತ್ತಿಗೂ.

ಮೈ: ವೇಗದ ತಿರುವಿನಲ್ಲಿ ಬೈಕಿನ ಜೊತೆ ಒಳಕ್ಕೆ ವಾಲುತ್ತೇವೆ, ನಿಧಾನದ ತಿರುವಿನಲ್ಲಿ ಉಲ್ಟಾ. ಬೈಕನ್ನು ಒಳಕ್ಕೆ ವಾಲಲು ಬಿಟ್ಟು, ಮೈಯನ್ನು ನೆಟ್ಟಗೆ ಅಥವಾ ತುಸು ಹೊರಕ್ಕೆ ಇಡಿ. ಬಲಕ್ಕೆ ತಿರುಗುವಾಗ ಸೀಟಿನಲ್ಲಿ ಒಂದೆರಡು ಇಂಚು ಎಡಕ್ಕೆ ಸರಿದು, ಎಡಗಾಲಿನ ಫುಟ್‌ರೆಸ್ಟ್ ಮೇಲೆ ಭಾರ ಹಾಕಿದರೆ ತಾನಾಗಿ ಆಗುತ್ತದೆ. ತೂಗುತಕ್ಕಡಿಯ ಹಾಗೆ, ಬೈಕು ಈಕಡೆ, ನೀವು ಆಕಡೆ. ಮೊಣಕೈ ಸಡಿಲವಾಗಿರಲಿ. ತೋಳು ಸೆಟೆದುಕೊಂಡರೆ ಹ್ಯಾಂಡಲ್ ಪೂರ್ತಿ ತಿರುಗುವುದೇ ಇಲ್ಲ.

ಬಲಕ್ಕೂ ಎಡಕ್ಕೂ ಒಂದು ವ್ಯತ್ಯಾಸವಿದೆ. ಬಲಕ್ಕೆ ಪೂರ್ತಿ ತಿರುಗಿಸಿದಾಗ ಬಲ ಹಿಡಿ ಹೊಟ್ಟೆಯ ಹತ್ತಿರ ಬರುತ್ತದೆ, ಮಣಿಕಟ್ಟು ಮಡಚಿಕೊಂಡು ನಿಮಗೆ ಗೊತ್ತಿಲ್ಲದೆ ಆಕ್ಸಿಲೇಟರ್ ತೆರೆದುಕೊಳ್ಳುತ್ತದೆ. ತಿರುವಿನ ನಡುವೆ ಬೈಕು ಹಾರಿತು ಎನ್ನುವವರದು ಹೆಚ್ಚಾಗಿ ಇದೇ ಕಥೆ. ತಿರುಗುವ ಮೊದಲೇ ಮೊಣಕೈಯನ್ನು ಹೊರಗೆ ಎತ್ತಿ ಹಿಡಿದರೆ ಮಣಿಕಟ್ಟು ನೆಟ್ಟಗಿರುತ್ತದೆ. ಎಡಕ್ಕೆ ತಿರುಗಿಸಿದಾಗ ಕ್ಲಚ್ ಹಿಡಿದ ಕೈ ಟ್ಯಾಂಕಿನ ಹತ್ತಿರ ಸಿಕ್ಕಿಕೊಳ್ಳುತ್ತದೆ, ಬೆರಳಿಗೆ ಜಾಗ ಸಾಲದೆ ಕ್ಲಚ್ ಒಮ್ಮೆಲೇ ಬಿಟ್ಟುಹೋಗಬಹುದು. ಅದಕ್ಕೇ ಎರಡೂ ಕಡೆಗೆ ಅಭ್ಯಾಸ ಬೇಕು.

ಅಭ್ಯಾಸದ ಕ್ರಮ

ಮೊದಲು ನೆಟ್ಟಗೆ ನಿಧಾನ. ಗಣೇಶನ ಹಬ್ಬದಲ್ಲಿ ಹುಡುಗರಿಗೆ ಇಡುವ ಸ್ಲೋ ಸೈಕಲ್ ರೇಸ್ ನೆನಪಿದ್ದರೆ ಇದು ಅದೇ ಆಟ, ಬೈಕಿನಲ್ಲಿ. 20 ಮೀಟರ್ ಗುರುತು ಹಾಕಿ, ಕಾಲು ಇಡದೆ ಎಷ್ಟು ಹೊತ್ತು ತೆಗೆದುಕೊಳ್ಳಬಲ್ಲಿರಿ ನೋಡಿ. ಮೊದಲ ದಿನ 8 ಸೆಕೆಂಡಿಗೆ ದಾಟಿಬಿಡುತ್ತೀರಿ. 14 ಸೆಕೆಂಡ್ ಅಂದರೆ ನಡೆಯುವ ವೇಗ, ಗಂಟೆಗೆ ಸುಮಾರು 5 ಕಿ.ಮೀ. ಅಲ್ಲಿಗೆ ಮುಟ್ಟುವವರೆಗೆ ತಿರುವಿಗೆ ಕೈಹಾಕಬೇಡಿ.

ಆಮೇಲೆ ಚಕ್ರ. 12 ಮೀಟರ್ ವ್ಯಾಸದಿಂದ ಶುರು ಮಾಡಿ. ಬಲಕ್ಕೆ ಐದು ಸುತ್ತು, ಎಡಕ್ಕೆ ಐದು ಸುತ್ತು. ಗೆರೆಯನ್ನು ನೋಡದೆ, ಚಕ್ರದ ಎದುರು ಬದಿಯನ್ನು ನೋಡುತ್ತಾ ಸುತ್ತಬೇಕು. ಮೂರು ಸಲ ಸತತವಾಗಿ ಕಾಲು ಇಡದೆ ಬಂದರೆ 9 ಮೀಟರಿಗೆ ಇಳಿಸಿ, ಆಮೇಲೆ 7, ಆಮೇಲೆ 6. ಒಂದೇ ದಿನದಲ್ಲಿ 6ಕ್ಕೆ ಬರುವ ಹಟ ಬೇಡ. ಸಾಮಾನ್ಯ ಬೈಕುಗಳ ತಿರುವಿನ ತ್ರಿಜ್ಯ 2ರಿಂದ 2.5 ಮೀಟರಿನಷ್ಟಿರುತ್ತದೆ. ಅಂದರೆ ಬೈಕು 5 ಮೀಟರ್ ಅಗಲದಲ್ಲಿ ತಿರುಗಬಲ್ಲದು. 6 ಮೀಟರ್ ನಿಮಗೆ ಸಲೀಸಾದರೆ ಬೈಕಿನ ಶಕ್ತಿಯ ಹತ್ತಿರ ಹತ್ತಿರ ಬಂದಿದ್ದೀರಿ.

ತಲೆಸುತ್ತು ಬರುವ ಮೊದಲು ಎಂಟಕ್ಕೆ ಹೋಗಿ. ಎರಡು ಚಕ್ರಗಳು ಒಂದಕ್ಕೊಂದು ತಾಗುವ ಜಾಗದಲ್ಲಿ ಬೈಕು ಒಂದು ಕ್ಷಣ ನೆಟ್ಟಗಾಗುತ್ತದೆ. ಎಂಟರಲ್ಲಿ ಕಾಲು ಇಡುವುದು ಹೆಚ್ಚಾಗಿ ಅಲ್ಲೇ. ಕಾರಣ, ಮೊದಲ ಚಕ್ರ ಮುಗಿಯುವ ತನಕ ಅದನ್ನೇ ನೋಡುತ್ತಿರುತ್ತಾರೆ, ಎರಡನೆಯದಕ್ಕೆ ತಲೆ ತಡವಾಗಿ ತಿರುಗುತ್ತದೆ. ನಡುವಿನ ಜಾಗ ಮುಟ್ಟಲು ಇನ್ನೂ ಒಂದು ಬೈಕಿನುದ್ದ ಇರುವಾಗಲೇ ಮುಂದಿನ ಚಕ್ರದ ಕಡೆ ಹೆಲ್ಮೆಟ್ ತಿರುಗಿಸಿ, ಸೀಟಿನಲ್ಲಿ ಆಚೆಗೆ ಸರಿಯಿರಿ, ಕ್ಲಚ್ಚನ್ನು ಒಂದು ಎಳೆಯಷ್ಟು ಹೊರಕ್ಕೆ ಬಿಡಿ. ಬೈಕು ತಾನಾಗಿ ಹೊರಳುತ್ತದೆ.

ಕೊನೆಗೆ ನಿಂತಲ್ಲಿಂದ ತಿರುವು. ಊರಿನಲ್ಲಿ ದಿನಾ ಬೇಕಾಗುವುದು ಇದೇ, ಹೇಳಿಕೊಡುವವರು ಕಡಿಮೆ. ಬೈಕನ್ನು ಪೂರ್ತಿ ನಿಲ್ಲಿಸಿ, ಎಡಗಾಲು ನೆಲದಲ್ಲಿ, ಬಲಗಾಲು ಬ್ರೇಕಿನ ಮೇಲೆ ಇಡಿ. ಹ್ಯಾಂಡಲನ್ನು ಮುಕ್ಕಾಲು ಬಲಕ್ಕೆ ತಿರುಗಿಸಿ, ತಲೆ ಬಲಕ್ಕೆ. ಕ್ಲಚ್ ಹಿಡಿಯುವ ಜಾಗಕ್ಕೆ ತಂದು, ಬ್ರೇಕ್ ಸಡಿಲಿಸಿ ಹೊರಡಿ. ಎರಡು ಮೀಟರ್ ಒಳಗೆ ಎಡಗಾಲು ಮೇಲೆ ಬರಬೇಕು. ಇಂಜಿನ್ ಆಫ್ ಆಗುತ್ತಿದ್ದರೆ ರೇಸ್ ಸಾಲದು, ಬೈಕು ನುಗ್ಗುತ್ತಿದ್ದರೆ ಕ್ಲಚ್ ಬೇಗ ಬಿಡುತ್ತಿದ್ದೀರಿ.

ತಿರುವಿನ ನಡುವೆ ಇಂಜಿನ್ ಆಫ್ ಆಗುವುದೇ ಅತಿ ಸಾಮಾನ್ಯ ಪತನ. ಎಳೆತ ಒಮ್ಮೆಲೇ ಕಡಿದುಬೀಳುತ್ತದೆ, ಬೈಕು ಒಳಗಡೆಗೆ ಮಲಗುತ್ತದೆ. ಎರಡನೇ ಗೇರಿನಲ್ಲಿ ಯೂ-ಟರ್ನ್‌ಗೆ ಹೋಗುವವರಿಗೆ ಇದು ಹೆಚ್ಚು. ಪೂರ್ತಿ ತಿರುವಿಗೆ ಒಂದನೇ ಗೇರ್, ತಿರುವಿನ ಒಳಗೆ ಗೇರ್ ಬದಲಾವಣೆ ಇಲ್ಲ. ಇನ್ನೊಂದು ತಪ್ಪು ಒಳಗಡೆಯ ಕಾಲನ್ನು ನೆಲಕ್ಕೆ ಸವರಿಕೊಂಡೇ ತಿರುಗುವುದು. ಕಾಲು ಇಳಿದರೆ ಮೈ ಒಳಕ್ಕೆ ವಾಲುತ್ತದೆ, ತಕ್ಕಡಿ ತಪ್ಪುತ್ತದೆ. ಬಲಕ್ಕೆ ತಿರುಗುವಾಗಲಂತೂ ಬಲಗಾಲು ಇಳಿದ ಕೂಡಲೇ ಹಿಂಬ್ರೇಕೇ ಇಲ್ಲವಾಗುತ್ತದೆ.

ಸ್ಕೂಟರ್ ಸವಾರರಿಗೆ: ನಿಮಗೆ ಕ್ಲಚ್ ಇಲ್ಲ. ಆಕ್ಸಿಲೇಟರ್ ಪೂರ್ತಿ ಬಿಟ್ಟರೆ ಕಡಿಮೆ ವೇಗದಲ್ಲಿ ಒಳಗಿನ ಕ್ಲಚ್ ತಾನಾಗಿ ಬಿಟ್ಟುಕೊಂಡು ಎಳೆತ ನಿಲ್ಲುತ್ತದೆ. ಹಾಗಾಗಿ ತಿರುವಿನುದ್ದಕ್ಕೂ ಆಕ್ಸಿಲೇಟರ್ ತುಸು ತೆರೆದೇ ಇಡಿ, ವೇಗವನ್ನು ಎಡಗೈ ಬ್ರೇಕಿನಿಂದ ಹದ ಮಾಡಿ. ಸಿಬಿಎಸ್ ಇರುವ ಸ್ಕೂಟರಿನಲ್ಲಿ ಎಡ ಲಿವರ್ ಮುಂದಿನ ಬ್ರೇಕನ್ನೂ ಹಿಡಿಯುತ್ತದೆ, ಸವರಿದಷ್ಟೇ ಒತ್ತಿ.

ರಸ್ತೆಗೆ ಇಳಿದ ಮೇಲೆ

ಎರಡು ಲೇನಿನ ರಸ್ತೆಯ ಡಾಂಬರು 7 ಮೀಟರ್ ಅಗಲವಿರುತ್ತದೆ. ಎಡ ಅಂಚಿನಿಂದ ಶುರು ಮಾಡಿದರೆ ಅದರಲ್ಲಿ ಒಂದೇ ಸಲಕ್ಕೆ ತಿರುಗಬಹುದು. ಒಂದು ಲೇನಿನ ಹಳ್ಳಿ ರಸ್ತೆ 3.75 ಮೀಟರ್. ಅಲ್ಲಿ ಬೈಕು ಒಂದೇ ಸಲಕ್ಕೆ ತಿರುಗುವುದಿಲ್ಲ, ಹಟ ಹಿಡಿದರೆ ಚರಂಡಿಗೆ ಇಳಿಯುತ್ತೀರಿ. ಇಳಿದು ತಳ್ಳಿ ತಿರುಗಿಸಿ, ಅಥವಾ ಮುಂದಿನ ಹೊಲದ ದಾರಿಯ ಬಾಯಿವರೆಗೆ ಹೋಗಿ.

ಬಲ ಇಂಡಿಕೇಟರ್, ಕನ್ನಡಿ, ಆಮೇಲೆ ಭುಜದ ಮೇಲಿಂದ ತಿರುಗಿ ನೋಟ. ಕೊನೆಯದನ್ನು ಬಿಡಲೇಬೇಡಿ, ಹಿಂದಿನ ಬೈಕಿನವನು ನಿಮ್ಮ ಬಲಕ್ಕೇ ನುಗ್ಗಿ ಬರುತ್ತಿರುತ್ತಾನೆ. ಡಿವೈಡರ್ ಇರುವ ರಸ್ತೆಯಾದರೆ ಸಂದಿಯಲ್ಲಿ ನಿಂತು, ಆಚೆ ರಸ್ತೆಯ ವಾಹನಗಳು ನಿಮ್ಮ ಎಡದಿಂದ ಬರುತ್ತವೆ ಎಂಬುದನ್ನು ನೆನಪಿಡಿ. ಅದರಲ್ಲೂ ವೇಗದವು ನೀವು ಮೊದಲು ಕಾಲಿಡುವ ಡಿವೈಡರ್ ಪಕ್ಕದ ಲೇನಿನಲ್ಲೇ ಇರುತ್ತವೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಡಿವೈಡರ್ ಸಂದಿ ಕಂಡರೂ ಯೂ-ಟರ್ನ್ ಬೇಡ. ಸರ್ವಿಸ್ ರಸ್ತೆಗೆ ಇಳಿದು ಅಂಡರ್‌ಪಾಸಿನಲ್ಲಿ ತಿರುಗಿ ಬನ್ನಿ.

ರಸ್ತೆಯ ನಡು ಎತ್ತರ, ಅಂಚು ತಗ್ಗು. ಯೂ-ಟರ್ನಿನ ಮೊದಲರ್ಧ ನಡುವಿಗೆ ಏರುತ್ತೀರಿ, ಎರಡನೆಯ ಅರ್ಧ ಇಳಿಯುತ್ತೀರಿ. ಆ ಇಳಿತದಲ್ಲಿ ಬೈಕು ತಾನಾಗಿ ವೇಗ ಹಿಡಿದು ಹೊರಕ್ಕೆ, ಆಚೆ ಚರಂಡಿ ಕಡೆ ಎಳೆಯುತ್ತದೆ. ನಡು ದಾಟಿದ ಕೂಡಲೇ ಹಿಂಬ್ರೇಕನ್ನು ಒಂದು ಎಳೆ ಹೆಚ್ಚಿಸಿ.

ಈ ಸೀಮೆಯಲ್ಲಿ ಒಂದು ವಿಶೇಷ ಅಪಾಯವಿದೆ. ಕೊಯ್ಲಿನ ನಂತರ ದಾವಣಗೆರೆ ಸುತ್ತ ಸರ್ವಿಸ್ ರಸ್ತೆಗಳ ಮೇಲೆ ಮೆಕ್ಕೆಜೋಳ ಹರವಿರುತ್ತಾರೆ. ಒಣಗಿದ ಕಾಳು ಟೈರಿನ ಕೆಳಗೆ ಪುಡಿಯಾಗುವುದಿಲ್ಲ, ಉರುಳುತ್ತದೆ. ರಾಶಿ ಎತ್ತಿ ಒಯ್ದ ಮೇಲೂ ಡಾಂಬರಿನ ಮೇಲೆ ಅಲ್ಲೊಂದು ಇಲ್ಲೊಂದು ಹಳದಿ ಕಾಳು ಉಳಿದಿರುತ್ತದೆ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಚಕ್ರದಡಿ ನಾಲ್ಕು ಕಾಳು ಸಿಕ್ಕರೂ ಸಾಕು. ದುರ್ಗದ ಹಳ್ಳಿಗಳ ಕಡೆ ತುಳಿಯಲಿ ಎಂದು ರಸ್ತೆಗೆ ಹಾಕಿದ ರಾಗಿ, ಹುರುಳಿಯ ಹುಲ್ಲಂತೂ ಸೋಪಿನ ಹಾಗೆ ಜಾರುತ್ತದೆ. ಇವುಗಳ ಮೇಲೆ ನೆಟ್ಟಗೆ, ಬ್ರೇಕ್ ಹಿಡಿಯದೆ ದಾಟಿ. ತಿರುವು ಬೇಕಿದ್ದರೆ ಸ್ವಚ್ಛ ನೆಲ ಸಿಗುವವರೆಗೆ ಮುಂದೆ ಹೋಗಿ. ಮಳೆಯಲ್ಲಿ ಜೀಬ್ರಾ ಪಟ್ಟೆಯ ಬಣ್ಣ, ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳಗಳಿಗೂ ಇದೇ ಮಾತು.

ಹಿಂದೆ ಜನ ಕೂರಿಸಿಕೊಂಡು ಅಥವಾ ಎರಡು ಬದಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ತಿರುಗುವುದು ಒಬ್ಬರೇ 7 ಮೀಟರಿನಲ್ಲಿ ಸಲೀಸಾಗಿ ತಿರುಗಲು ಬಂದ ಮೇಲೆ. ಮುಂದಿನ ಚಕ್ರ ಹಗುರಾಗುತ್ತದೆ, ತಿರುವಿಗೆ ಇನ್ನೊಂದು ಮೀಟರಾದರೂ ಹೆಚ್ಚು ಜಾಗ ಬೇಕು. ಮಂಡಕ್ಕಿ ಚೀಲ ತೂಕವಿಲ್ಲ ಎಂದು ನಂಬಬೇಡಿ, ಅಗಲಕ್ಕೆ ಹಿಂದಿನದು ಕಾಣುವುದಿಲ್ಲ, ಗಾಳಿಗೆ ಎಳೆಯುತ್ತದೆ.

ಏರು, ಇಳಿಜಾರು

ಚಿತ್ರದುರ್ಗದಲ್ಲಿ ಕೋಟೆ ಕಡೆಯ ಹಳೇಪೇಟೆ ಓಣಿಗಳಲ್ಲಿ, ಜೋಗಿಮಟ್ಟಿಗೆ ಏರುವ ದಾರಿಯಲ್ಲಿ ಇದು ಬೇಕು. ಇಳಿಯುತ್ತಾ ಬಂದು ಮೇಲಕ್ಕೆ ತಿರುಗುವುದು ಎರಡರಲ್ಲಿ ಕಷ್ಟದ್ದು. ಬೈಕು ರಸ್ತೆಗೆ ಅಡ್ಡವಾದ ಕ್ಷಣದಿಂದ ಇಂಜಿನ್ನಿಗೆ ಏರಿನ ಭಾರ ಬೀಳುತ್ತದೆ. ಆ ಹೊತ್ತಿಗೆ ರೇಸ್ ಹೆಚ್ಚಿಸದಿದ್ದರೆ ಅಲ್ಲೇ ಆಫ್ ಆಗುತ್ತದೆ. ಆದ್ದರಿಂದ ಅಡ್ಡವಾಗುವ ಮೊದಲೇ ರೇಸ್ ಕೊಟ್ಟು, ಹಿಂಬ್ರೇಕಿನಿಂದ ಹಿಡಿದುಕೊಂಡಿದ್ದು, ಏರು ಶುರುವಾದಂತೆ ಬ್ರೇಕ್ ಬಿಡುತ್ತಾ ಹೋಗಿ. ಏರುತ್ತಾ ಹೋಗಿ ಕೆಳಕ್ಕೆ ತಿರುಗುವಾಗ ಇದರ ಉಲ್ಟಾ: ಅಡ್ಡ ದಾಟಿದ ಮೇಲೆ ಬೈಕು ತಾನೇ ಇಳಿಯತೊಡಗುತ್ತದೆ, ಬ್ರೇಕ್ ಹೆಚ್ಚಿಸಿ, ಕ್ಲಚ್ ಮಾತ್ರ ಪೂರ್ತಿ ಹಿಡಿಯಬೇಡಿ. ಅಡ್ಡವಾಗಿ ನಿಲ್ಲಲೇಬೇಕಾಗಿ ಬಂದರೆ ಮೇಲಿನ ಬದಿಯ ಕಾಲನ್ನು ಇಡಿ. ಕೆಳಬದಿಯ ಕಾಲಿಗೆ ನೆಲ ಸಿಗುವುದಿಲ್ಲ. ಹೊಸಬರು ಸಮತಟ್ಟು ಜಾಗ ಸಿಗುವವರೆಗೆ ಹೋಗಿ ತಿರುಗುವುದೇ ಜಾಣತನ.

ಬಿದ್ದರೆ

ಬೈಕು ಒಂದು ಹದ ಮೀರಿ ವಾಲಿದ ಮೇಲೆ ಅದನ್ನು ಕಾಲಿನಿಂದ ತಡೆಯಲು ಹೋಗಬೇಡಿ, ಮೊಣಕಾಲು, ಪಾದಗಂಟು ಪೆಟ್ಟಾಗುವುದು ಆಗಲೇ. ಬಿಟ್ಟು ಪಕ್ಕಕ್ಕೆ ಸರಿಯಿರಿ. ಕೀ ಅಥವಾ ಕಿಲ್ ಸ್ವಿಚ್ ಬಂದ್ ಮಾಡಿ, ಪೆಟ್ರೋಲ್ ಸೋರುತ್ತಿದೆಯೇ ನೋಡಿ. ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡ್ ಇಳಿಸಿಟ್ಟು, ಗೇರಿನಲ್ಲಿ ಬಿಡಿ. ಹ್ಯಾಂಡಲನ್ನು ಬಿದ್ದ ಕಡೆಗೇ ಪೂರ್ತಿ ತಿರುಗಿಸಿ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂತು, ಒಂದು ಕೈ ಹ್ಯಾಂಡಲ್ ಹಿಡಿಗೆ, ಇನ್ನೊಂದು ಹಿಂದಿನ ಕಂಬಿಗೆ ಹಾಕಿ. ಸೊಂಟದಿಂದ ಎತ್ತದೆ, ತೊಡೆಯ ಬಲದಲ್ಲಿ ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಇಡುತ್ತಾ ಬನ್ನಿ, ಬೈಕು ಏಳುತ್ತದೆ.

ಇಂಜೆಕ್ಷನ್ ಬೈಕುಗಳಲ್ಲಿ ಬಿದ್ದಾಗ ಇಂಜಿನ್ ನಿಲ್ಲಿಸುವ ಸೆನ್ಸರ್ ಇರುವುದುಂಟು, ಕೀ ಒಮ್ಮೆ ಪೂರ್ತಿ ಆಫ್ ಮಾಡಿ ಆನ್ ಮಾಡಿದರೆ ಚಾಲೂ ಆಗುತ್ತದೆ. ಹೊರಡುವ ಮೊದಲು ನೋಡಬೇಕಾದ್ದು: ಹ್ಯಾಂಡಲ್ ಎರಡೂ ಕೊನೆಗೆ ಸಲೀಸಾಗಿ ತಿರುಗುತ್ತದೆಯೇ, ಆಕ್ಸಿಲೇಟರ್ ಬಿಟ್ಟಾಗ ತಾನಾಗಿ ಮುಚ್ಚುತ್ತದೆಯೇ, ಬ್ರೇಕ್ ಪೆಡಲ್ ಬಾಗಿ ಇಂಜಿನ್ ಕವರಿಗೆ ತಾಗುತ್ತಿಲ್ಲವೇ. ಕ್ಲಚ್ ಲಿವರಿನ ತುದಿ ಮುರಿದು ಎರಡು ಬೆರಳಿಗೆ ಆಗುವಷ್ಟು ಉಳಿದಿದ್ದರೆ ಗ್ಯಾರೇಜಿನವರೆಗೆ ಮೆಲ್ಲಗೆ ಹೋಗಬಹುದು. ಬ್ರೇಕ್ ಪೆಡಲ್ ಸಿಕ್ಕಿಕೊಂಡಿದ್ದರೆ ತಳ್ಳಿಕೊಂಡೇ ಹೋಗಿ.